ಐದನೇ ತರಗತಿಯ ಗಣಿತಕ್ಕೆ ಪಿಯುಸಿ ವಿಜ್ಞಾನ ಬೇಕೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯವಳು, ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡಿದ್ದರಿಂದ ಎಸ್ಸೆಸ್ಸೆಲ್ಸಿಯ ನಂತರ ಗಣಿತ, ವಿಜ್ಞಾನದ ಪುಸ್ತಕ ಮುಟ್ಟಿಲ್ಲ. ಮುಂದಿನ ತಿಂಗಳು ಇಂಟರ್ನ್‌ಶಿಪ್ಪಿಗೆ ಹೋದಾಗ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನದ ಪಾಠ ಮಾಡಬೇಕಾಗಿದೆ. ಭಿನ್ನರಾಶಿ ಎಂದರೆ ನನಗೆ ಈಗಲೂ ಎದೆ ಡವಡವ ಎನ್ನುತ್ತದೆ. ಪಿಯುಸಿ ವಿಜ್ಞಾನದ ಟ್ಯೂಷನ್‌ಗೆ ಸೇರಿದರೆ ಉಪಯೋಗವಾದೀತೆ? ಶಾಲೆಯಲ್ಲಿ ಸ್ಮಾರ್ಟ್ ಟಿವಿ ಇದೆ, ಅದರಲ್ಲಿ ವಿಡಿಯೊ ಹಾಕಿದರೆ ಸಾಕೆ? ನಮ್ಮಂಥವರನ್ನು ತಯಾರು ಮಾಡುವ ಸರಿಯಾದ ಕ್ರಮ ಯಾವುದು ಎಂದು ದಯವಿಟ್ಟು ತಿಳಿಸಿ ಸರ್.

ಉತ್ತರ: ತಂಗಿ, ನಿಮ್ಮ ಭಯವನ್ನು ನೀವು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ನಾನು ಪಾಠ ಹೇಳಿದ್ದೇನೆ, ಪಾಠ ಕೇಳಿದ್ದೇನೆ. ನನ್ನೆದುರು ಕುಳಿತ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ಕಲಾ ವಿಭಾಗದಿಂದ ಬಂದವರು. ಆದ್ದರಿಂದ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ: ಟ್ಯೂಷನ್‌ಗೆ ಹಣ ಕಟ್ಟಬೇಡಿ. ನಿಮಗೆ ಬೇಕಾಗಿರುವುದು ಪಿಯುಸಿಯ ಕಲನಶಾಸ್ತ್ರವಲ್ಲ. ಒಂದರಿಂದ ಏಳನೇ ತರಗತಿಯವರೆಗಿನ ಗಣಿತವನ್ನು, ಈಗ ದೊಡ್ಡವರ ಬುದ್ಧಿಯಿಂದ, ಪ್ರತಿ ಹೆಜ್ಜೆಗೂ ‘ಏಕೆ’ ಎಂದು ಕೇಳುತ್ತಾ ಮತ್ತೊಮ್ಮೆ ಕಲಿಯುವುದು.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರನ್ನು ಮಾತಾಡಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೀನಾದ ಆ ಶಿಕ್ಷಕರಲ್ಲಿ ಹೆಚ್ಚಿನವರು ಒಂಬತ್ತನೇ ತರಗತಿ ಮುಗಿಸಿ, ಎರಡು ಮೂರು ವರ್ಷದ ಶಿಕ್ಷಕ ತರಬೇತಿ ಪಡೆದು ಶಾಲೆಗೆ ಬಂದವರು, ಅಮೆರಿಕದವರು ಪದವೀಧರರು. ಎಲ್ಲರ ಮುಂದೆಯೂ ಇಟ್ಟ ಲೆಕ್ಕಗಳಲ್ಲಿ ಒಂದು 1¾ ÷ ½. ಉತ್ತರ ತೆಗೆಯಬೇಕು, ಜೊತೆಗೆ ಆ ಲೆಕ್ಕ ಹೊಂದುವಂಥ ಒಂದು ಸಂದರ್ಭವನ್ನೂ ಹೇಳಬೇಕು. ಚೀನಾದ ಶಿಕ್ಷಕರೆಲ್ಲರೂ ಲೆಕ್ಕವನ್ನು ಸರಿಯಾಗಿ ಮಾಡಿದರು, ಬಹುಪಾಲು ಜನ ಸಂದರ್ಭವನ್ನೂ ಸರಿಯಾಗಿ ಕಟ್ಟಿದರು. ಅಮೆರಿಕದ ಅನೇಕರು ಲೆಕ್ಕದಲ್ಲೇ ಎಡವಿದರು, ಲೆಕ್ಕ ಬಂದವರೂ ‘ಅರ್ಧದಿಂದ ಭಾಗಿಸು’ ಎಂಬುದನ್ನು ‘ಎರಡು ಪಾಲು ಮಾಡು’ ಎಂದು ತಿಳಿದು ಕತೆ ಕಟ್ಟಿದರು. ಹೆಚ್ಚು ವರ್ಷ ಓದಿದ್ದು ಅವರ ನೆರವಿಗೆ ಬರಲಿಲ್ಲ. ಕಡಿಮೆ ಓದಿದವರು, ತಾವು ಕಲಿಸುವ ಪಾಠವನ್ನೇ ತಳ ಮುಟ್ಟುವವರೆಗೆ ಅಗೆದು ನೋಡಿದ್ದರಿಂದ ಗೆದ್ದರು.

ಇದೇ ಲೆಕ್ಕವನ್ನು ನಮ್ಮ ಊರಿಗೆ ತರೋಣ. ಭಿನ್ನರಾಶಿಯ ಭಾಗಾಕಾರ ನಾಲ್ಕು ಐದನೇ ತರಗತಿಯ ಮಕ್ಕಳಿಗೆ ಬರುವುದಿಲ್ಲ, ಮುಂದಿನ ತರಗತಿಗಳಲ್ಲಿ ಬರುತ್ತದೆ, ನಿಜ. ಆದರೆ ನಿಮಗೆ ಅದು ಬರಬೇಕು, ಏಕೆಂದರೆ ನೀವು ಐದನೆಯದರಲ್ಲಿ ಹಾಕುವ ಅಡಿಪಾಯದ ಮೇಲೆಯೇ ಅದು ನಿಲ್ಲುತ್ತದೆ. ಕಿರಾಣಿ ಅಂಗಡಿಯಲ್ಲಿ ನಮ್ಮ ಜನ 1¾ ಕಿಲೋ ಬೇಳೆಗೆ ‘ಪೌಣೆ ಎರಡು’ ಎನ್ನುತ್ತಾರೆ, ಅಂದರೆ ಎರಡಕ್ಕೆ ಪಾವು (ಕಾಲು ಭಾಗ) ಕಡಿಮೆ. ಪೌಣೆ ಎರಡು ಕಿಲೋ ತೊಗರಿಬೇಳೆಯನ್ನು ಅರ್ಧರ್ಧ ಕಿಲೋದ ಪೊಟ್ಟಣ ಕಟ್ಟಿದರೆ ಎಷ್ಟು ಪೊಟ್ಟಣವಾಗುತ್ತವೆ? ಒಮ್ಮೆ ಪ್ರಶಿಕ್ಷಣಾರ್ಥಿಗಳ ತರಗತಿಗೆ ನಾನು ತಕ್ಕಡಿ, ಬೇಳೆ, ಹಳೆಯ ಪತ್ರಿಕೆಯ ಹಾಳೆಗಳನ್ನೇ ಒಯ್ದಿದ್ದೆ. ಮೂರು ಪೊಟ್ಟಣ ಕಟ್ಟಿದರು, ತಕ್ಕಡಿಯಲ್ಲಿ ಪಾವು ಕಿಲೋ ಉಳಿಯಿತು. ‘ಹಾಗಾದರೆ ಉತ್ತರ ಮೂರೂಕಾಲು’ ಎಂದರು ಅರ್ಧ ಜನ. ಕರಿಹಲಗೆಯ ಮೇಲೆ ಛೇದ ತಿರುಗಿಸಿ ಗುಣಿಸಿದವರಿಗೆ ಮೂರೂವರೆ ಬಂದಿತ್ತು. ಬೇಳೆ ಮೂರೂಕಾಲು ಎನ್ನುತ್ತದೆ, ಹಲಗೆ ಮೂರೂವರೆ ಎನ್ನುತ್ತದೆ, ಇವುಗಳಲ್ಲಿ ಯಾವುದು ಸುಳ್ಳು?

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ಬಂದು, ಉಳಿದ ಬೇಳೆಯನ್ನು ಒಂದು ಹಾಳೆಗೆ ಸುರಿದು, ‘ಸರ್, ಇದು ಕಿಲೋದಾಗ ಪಾವು, ಆದ್ರ ಪೊಟ್ಟಣದಾಗ ಅರ್ಧ’ ಎಂದಳು. ಅಷ್ಟೇ ವಿಷಯ. ಪ್ರಶ್ನೆ ಕೇಳಿದ್ದು ಎಷ್ಟು ಪೊಟ್ಟಣ ಎಂದು, ಎಷ್ಟು ಕಿಲೋ ಉಳಿಯಿತು ಎಂದಲ್ಲ. ಆದ್ದರಿಂದ ಉಳಿದದ್ದನ್ನೂ ಪೊಟ್ಟಣದ ಅಳತೆಯಲ್ಲೇ ಹೇಳಬೇಕು. ಭಿನ್ನರಾಶಿಯ ಸಮಸ್ತ ಗೊಂದಲಕ್ಕೂ ಮೂಲ ಇಲ್ಲಿದೆ: ಅರ್ಧ, ಪಾವು ಎಂದಾಗ ‘ಯಾವುದರ ಅರ್ಧ, ಯಾವುದರ ಪಾವು’ ಎಂಬುದು ಜೊತೆಯಲ್ಲೇ ಇರಬೇಕು. ಇದನ್ನು ಕೈಯಾರೆ ಕಂಡ ಶಿಕ್ಷಕಿ ನಾಲ್ಕನೇ ತರಗತಿಯಲ್ಲಿ ರೊಟ್ಟಿ ಮುರಿದು ಅರ್ಧ ತೋರಿಸುವಾಗಲೂ ದೊಡ್ಡ ರೊಟ್ಟಿಯ ಅರ್ಧವನ್ನೂ ಸಣ್ಣ ರೊಟ್ಟಿಯ ಅರ್ಧವನ್ನೂ ಪಕ್ಕಪಕ್ಕದಲ್ಲಿ ಇಟ್ಟು ‘ಎರಡೂ ಅರ್ಧವೇ, ಮತ್ತೆ ಯಾಕೆ ಸಮ ಇಲ್ಲ?’ ಎಂದು ಕೇಳುತ್ತಾಳೆ. ಕಾಣದವಳು ಕೇಳುವುದಿಲ್ಲ. ಕೋರ್ಸಿನಲ್ಲಿ ಆಕೆ ಎಷ್ಟು ಅಂಕ ಪಡೆದಿದ್ದಳು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೀಗೆ ವಿಷಯವನ್ನೂ, ಆ ವಿಷಯದಲ್ಲಿ ಮಗು ಎಲ್ಲಿ ಎಡವುತ್ತದೆ ಎಂಬುದನ್ನೂ, ಯಾವ ಉದಾಹರಣೆ ಹಿಡಿದರೆ ಅದು ದಾಟುತ್ತದೆ ಎಂಬುದನ್ನೂ ಒಟ್ಟಿಗೆ ಬಲ್ಲ ತಿಳಿವಳಿಕೆಯೇ ಶಿಕ್ಷಕರ ವೃತ್ತಿಜ್ಞಾನ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ನಮ್ಮ ತರಬೇತಿಯಲ್ಲಿ ಇವು ಇಂದಿಗೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿರುತ್ತವೆ. ಒಂದು ಅವಧಿಯಲ್ಲಿ ಗಣಿತದ ವಿಷಯ, ಇನ್ನೊಂದರಲ್ಲಿ ಬೋಧನಾ ವಿಧಾನಗಳ ಹೆಸರು, ಮತ್ತೊಂದರಲ್ಲಿ ಮಕ್ಕಳ ಮನೋವಿಜ್ಞಾನ. ಮೂರನ್ನೂ ಒಂದು ಲೆಕ್ಕದ ಮೇಲೆ ತಂದು ಕೂರಿಸುವ ಕೆಲಸ ಪ್ರಶಿಕ್ಷಣಾರ್ಥಿಯ ತಲೆಗೆ ಬಿಟ್ಟದ್ದು. ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆ) ಮೊದಲ ಪತ್ರಿಕೆಯಲ್ಲಿ 150 ಅಂಕಗಳ ಪೈಕಿ ಗಣಿತಕ್ಕೆ 30, ಪರಿಸರ ಅಧ್ಯಯನಕ್ಕೆ 30 ಇವೆ ಎಂದು ಎಲ್ಲರೂ ಅವುಗಳ ಹಿಂದೆ ಬೀಳುತ್ತಾರೆ, ಬೀಳಬೇಕಾದದ್ದೂ ಸರಿಯೆ. ಆದರೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತು ಮಾಡುವ ಅಭ್ಯಾಸದಿಂದ ಆ ಪೊಟ್ಟಣದ ಪ್ರಶ್ನೆ ಎಂದೂ ಎದುರಾಗುವುದಿಲ್ಲ.

ನಮ್ಮ ನೆಲದವರ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸೇಡಂ ತಾಲೂಕಿನ ಮಳಖೇಡವನ್ನು ರಾಜಧಾನಿ ಮಾಡಿಕೊಂಡು ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞರಿದ್ದರು. ಭಾಜಕದ ಅಂಶ ಛೇದಗಳನ್ನು ಅದಲು ಬದಲು ಮಾಡಿ ಗುಣಿಸಬೇಕೆಂದು ನಾವು ಇಂದು ಕಲಿಸುವ ನಿಯಮವನ್ನು ಅವರು ಅಂದೇ ಸ್ಪಷ್ಟವಾಗಿ ಹೇಳಿದ್ದಾರೆ. ಅದೇ ಮಹಾವೀರಾಚಾರ್ಯರು ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದೂ ಹೇಳಿದ್ದಾರೆ, ಅದು ತಪ್ಪು. ನಿಮ್ಮ ತರಗತಿಯಲ್ಲಿ ಒಂದು ಮಗು ‘ಐದು ರೊಟ್ಟಿ ಯಾರಿಗೂ ಹಂಚದಿದ್ದರ ಐದೇ ಉಳೀತಾವಲ್ಲ ಟೀಚರ್’ ಎಂದಾಗ ಅದನ್ನು ಗದರಿಸಬೇಡಿ. ಅಂಥ ದೊಡ್ಡ ಗಣಿತಜ್ಞರೂ ನಡೆದ ದಾರಿ ಅದು. ಉತ್ತರವನ್ನು ಭಾಜಕದಿಂದ ಗುಣಿಸಿದರೆ ಮೂಲ ಸಂಖ್ಯೆ ಮರಳಿ ಬರಬೇಕಲ್ಲವೆ, ಐದನ್ನು ಸೊನ್ನೆಯಿಂದ ಗುಣಿಸಿದರೆ ಐದು ಬಂತೆ ಎಂದು ಮಗುವಿಗೇ ಪರೀಕ್ಷಿಸಲು ಬಿಡಿ.

ಮಗುವಿನ ತಪ್ಪನ್ನು ಓದುವುದು ಎರಡನೆಯ ತಯಾರಿ. ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) 2014ರ ನಿಯಮಾವಳಿ ಈ ಎರಡು ವರ್ಷದ ಕೋರ್ಸಿನಲ್ಲಿ 20 ವಾರಗಳನ್ನು ಶಾಲೆಯಲ್ಲಿ ಕಳೆಯಬೇಕೆನ್ನುತ್ತದೆ. ಆ ವಾರಗಳು ಪಾಠ ಯೋಜನೆ ಬರೆಯುವುದರಲ್ಲಿ, ಥರ್ಮೋಕೋಲಿನ ಪಾಠೋಪಕರಣ ಮಾಡುವುದರಲ್ಲಿ, ಸಹಿ ಮಾಡಿಸುವುದರಲ್ಲಿ ಸವೆದು ಹೋಗುವುದನ್ನು ನೋಡಿ ನನಗೆ ಬಹಳ ಸಂಕಟವಾಗಿದೆ. ನೀವು ಬೇರೆ ಒಂದು ಕೆಲಸ ಮಾಡಿ. ಮೊದಲ ವಾರದಲ್ಲಿ ಪ್ರತಿದಿನ ಒಂದು ಮಗುವನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಲೆಕ್ಕ ಕೊಡಿ, 52ರಲ್ಲಿ 27 ಕಳೆ ಎಂದು. 35 ಎಂದು ಬರೆದರೆ ಕೆಂಪು ಗೆರೆ ಎಳೆಯದೆ ‘ಹ್ಯಾಂಗ್ ಮಾಡ್ದಿ, ನನಗ ಹೇಳು’ ಎನ್ನಿ. ‘ಎರಡ್ರಾಗ ಏಳು ಹೋಗಂಗಿಲ್ರಿ, ಅದಕ್ಕ ಏಳ್ರಾಗ ಎರಡು ತಗದೆ’ ಎಂಬ ಉತ್ತರ ಬರುತ್ತದೆ. ಆ ಮಗುವಿಗೆ ಗಣಿತ ಬರುವುದಿಲ್ಲವೆಂದು ಯಾರಾದರೂ ಹೇಳಬಹುದೆ? ಅದು ತನ್ನದೇ ಒಂದು ನಿಯಮ ಮಾಡಿಕೊಂಡು ಅದನ್ನು ನಿಷ್ಠೆಯಿಂದ ಪಾಲಿಸಿದೆ. ಐವತ್ತೆರಡು ಎಂದರೆ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ, ಬೇಕಾದಾಗ ಒಂದು ಕಟ್ಟು ಬಿಚ್ಚಬಹುದು ಎಂಬ ಅನುಭವ ಅದಕ್ಕೆ ದೊರೆತಿಲ್ಲ, ಅಷ್ಟೆ. ಇಂಥ ಹತ್ತು ಉತ್ತರಗಳನ್ನು ಮಕ್ಕಳ ಮಾತಿನಲ್ಲೇ ಬರೆದಿಟ್ಟ ಒಂದು ನೋಟ್‌ಬುಕ್ಕು ಐವತ್ತು ಪಾಠ ಯೋಜನೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು ಎಂದು ನಾನು ನಂಬುತ್ತೇನೆ.

ಭಾಷೆಯ ವಿಷಯವನ್ನೂ ಮರೆಯಬೇಡಿ. ನಿಮ್ಮ ತರಗತಿಯಲ್ಲಿ ತಾಂಡಾದಿಂದ ಬಂದು ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಇರಬಹುದು, ತೆಲುಗಿನ ಮಗು, ಉರ್ದುವಿನ ಮಗು ಇರಬಹುದು, ಬೀದರಿನ ಕಡೆಗೆ ಹೋದರೆ ಮರಾಠಿಯ ಮಗುವೂ ಇರುತ್ತದೆ. ‘ಭಿನ್ನರಾಶಿ’ ಎಂಬ ಪದ ಇವರಲ್ಲಿ ಯಾರ ಮನೆಯದ್ದೂ ಅಲ್ಲ, ಕನ್ನಡ ಮಾತಾಡುವ ಮಗುವಿನ ಮನೆಯದ್ದೂ ಅಲ್ಲ. ಆದರೆ ಪಾವು, ಸವ್ವಾ (ಕಾಲು ಹೆಚ್ಚು), ದೀಡ್ (ಒಂದೂವರೆ), ಪೌಣೆ ಎಂಬ ಮಾತುಗಳು ಈ ಭಾಗದ ಸಂತೆಯಲ್ಲಿ ಎಲ್ಲರ ಕಿವಿಗೂ ಬಿದ್ದಿರುತ್ತವೆ. ಅಲ್ಲಿಂದ ಹೊರಟು ಪುಸ್ತಕದ ಪದಕ್ಕೆ ಬನ್ನಿ, ಪುಸ್ತಕದ ಪದದಿಂದ ಹೊರಡಬೇಡಿ.

ಈಗ ವಿಜ್ಞಾನ. ಇಲ್ಲಿ ತೊಂದರೆ ಬೇರೆ ರೀತಿಯದು: ಗಣಿತದಲ್ಲಿ ಬರುವುದಿಲ್ಲ ಎಂದು ಗೊತ್ತಿರುತ್ತದೆ, ವಿಜ್ಞಾನದಲ್ಲಿ ಬರುತ್ತದೆ ಎಂದು ಭ್ರಮೆ ಇರುತ್ತದೆ. ಆಳೆತ್ತರ ಬೆಳೆದ ತೊಗರಿ ಗಿಡದ ತೂಕವೆಲ್ಲ ಎಲ್ಲಿಂದ ಬಂತು ಎಂದು ಕೇಳಿ ನೋಡಿ. ‘ಮಣ್ಣಿನಿಂದ’ ಎಂಬ ಉತ್ತರ ಪ್ರಶಿಕ್ಷಣಾರ್ಥಿಗಳಿಂದಷ್ಟೇ ಅಲ್ಲ, ಬೋಧಕರಿಂದಲೂ ಬಂದದ್ದನ್ನು ನಾನು ಕೇಳಿದ್ದೇನೆ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ ತೂಕ ಮಾಡಿದ ಮಣ್ಣಿನಲ್ಲಿ ಒಂದು ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಮರ ಸುಮಾರು 74 ಕಿಲೋ ಹೆಚ್ಚಾಯಿತು, ಒಣಗಿಸಿದ ಮಣ್ಣು ಸುಮಾರು 57 ಗ್ರಾಂ ಮಾತ್ರ ಕಡಿಮೆಯಾಯಿತು. ಎಲ್ಲವೂ ನೀರಿನಿಂದಲೇ ಬಂತೆಂದು ಆತ ತೀರ್ಮಾನಿಸಿದ, ಅದೂ ಪೂರ್ತಿ ಸರಿಯಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಲೆಯೊಳಗೆ ಹೋಗಿ ಗಿಡದ ಮೈಯಾಗುತ್ತದೆ ಎಂದು ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುವವರೇ ‘ಮಣ್ಣಿನಿಂದ’ ಎನ್ನುತ್ತಾರೆ ಎಂದ ಮೇಲೆ, ಆ ಸಮೀಕರಣ ಅವರ ತಲೆಯಲ್ಲಿ ಎಲ್ಲಿ ಕುಳಿತಿದೆ ಎಂದು ಯೋಚಿಸಿ.

ಆದ್ದರಿಂದ ವಿಜ್ಞಾನ ಕಲಿಸುವವರು ಒಮ್ಮೆಯಾದರೂ ತಾವೇ ಒಂದು ಪ್ರಶ್ನೆಯ ಬೆನ್ನುಹತ್ತಿ ಕೊನೆ ಮುಟ್ಟಿರಬೇಕು. ನಿಮಗೆ ನಾನು ಸೂಚಿಸುವುದು ನೆರಳಿನ ಪ್ರಯೋಗ, ಏಕೆಂದರೆ ಖರ್ಚಿಲ್ಲ, ನಮ್ಮಲ್ಲಿ ಬಿಸಿಲಿಗೆ ಬರವೂ ಇಲ್ಲ. ಶಾಲೆಯ ಅಂಗಳದಲ್ಲಿ ಸಮತಟ್ಟಾದ ಜಾಗ ನೋಡಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ನೆಟ್ಟಗಿದೆಯೆ ಎಂದು ನೋಡಿಕೊಳ್ಳಿ. ಹನ್ನೊಂದು ಗಂಟೆಯಿಂದ ಒಂದೂವರೆಯವರೆಗೆ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಯಲ್ಲಿ ಒಂದು ಹರಳು ಇಡಿ, ಪಕ್ಕದಲ್ಲಿ ಸಮಯ ಬರೆಯಿರಿ. ಹನ್ನೆರಡಕ್ಕೆ ಸರಿಯಾಗಿ ನೆರಳು ಅತಿ ಚಿಕ್ಕದಾಗುತ್ತದೆಂದು ನೀವು ನಿರೀಕ್ಷಿಸುತ್ತೀರಿ, ಹಾಗಾಗುವುದಿಲ್ಲ. ಇಡೀ ದೇಶದ ಗಡಿಯಾರ ತೋರಿಸುವುದು 82½ ಡಿಗ್ರಿ ಪೂರ್ವ ರೇಖಾಂಶದ ಸಮಯ, ಕಲಬುರಗಿ ಸುಮಾರು 76.8 ಡಿಗ್ರಿಯಲ್ಲಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಸರಾಸರಿ 12 ಗಂಟೆ 23 ನಿಮಿಷಕ್ಕೆ ಇಲ್ಲಿ ನಿಜವಾದ ನಡುಹಗಲು, ಋತುವಿಗೆ ತಕ್ಕಂತೆ ಅದು ಸುಮಾರು ಕಾಲು ಗಂಟೆಯವರೆಗೆ ಹಿಂದೆ ಮುಂದೆ ಸರಿಯುತ್ತದೆ. ಅತಿ ಚಿಕ್ಕ ನೆರಳಿನ ಗೆರೆಯೇ ಉತ್ತರ ದಕ್ಷಿಣದ ಗೆರೆ, ದಿಕ್ಸೂಚಿಯ ಅಗತ್ಯವಿಲ್ಲ.

ಇನ್ನೂ ಒಂದು ಸೋಜಿಗವಿದೆ. ಸೂರ್ಯ ದಿನಾಲೂ ನಡುಹಗಲಿಗೆ ನೆತ್ತಿಯ ಮೇಲೆ ಬರುತ್ತಾನೆ ಎಂದು ಮಕ್ಕಳೂ ಹೇಳುತ್ತಾರೆ, ಎಷ್ಟೋ ಶಿಕ್ಷಕರೂ ಹೇಳುತ್ತಾರೆ. ಕಲಬುರಗಿಯಲ್ಲಿ ಅವನು ವರ್ಷಕ್ಕೆ ಎರಡೇ ಸಲ ನಿಜವಾಗಿ ನೆತ್ತಿಗೆ ಬರುತ್ತಾನೆ, ಮೇ ತಿಂಗಳ ಮೊದಲರ್ಧದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಆರಂಭದಲ್ಲಿ ಇನ್ನೊಮ್ಮೆ. ಆ ದಿನ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಡಿಸೆಂಬರ್ 21ರ ಸುಮಾರಿಗೆ ಮೀಟರ್ ಕೋಲಿನ ನಡುಹಗಲ ನೆರಳು 86 ಸೆಂಟಿಮೀಟರ್ ಉತ್ತರಕ್ಕೆ ಚಾಚಿರುತ್ತದೆ. ಜೂನ್ 21ರ ಸುಮಾರಿಗೆ ಅದು ಸುಮಾರು 11 ಸೆಂಟಿಮೀಟರ್ ದಕ್ಷಿಣಕ್ಕೆ ಬಿದ್ದಿರುತ್ತದೆ! ಇದನ್ನು ಸ್ವತಃ ಅಳೆದವರು ಋತುಗಳ ಪಾಠವನ್ನು ಪುಸ್ತಕ ನೋಡಿ ಓದಿ ಹೇಳಲಾರರು. ಉದ್ದದ ಅಳತೆ, ಸಮಯ, ಕೋಷ್ಟಕ, ನಕ್ಷೆ, ದಿಕ್ಕು, ಇವೆಲ್ಲ ಇಲ್ಲಿ ತಾವಾಗಿಯೇ ಬರುತ್ತವೆ; ಗಣಿತವನ್ನೂ ವಿಜ್ಞಾನವನ್ನೂ ‘ಸಮನ್ವಯಗೊಳಿಸುವ’ ಪ್ರತ್ಯೇಕ ಪಾಠವೊಂದು ಬೇಕಾಗುವುದಿಲ್ಲ.

ಸ್ಮಾರ್ಟ್ ಟಿವಿಯ ಬಗ್ಗೆ ಕೇಳಿದಿರಿ. ಕೈಯಿಂದ ಮಾಡಲಾಗದ್ದಕ್ಕೆ ಅದನ್ನು ಬಳಸಿ: ಹೃದಯ ಬಡಿಯುವುದು, ಜ್ವಾಲಾಮುಖಿ, ಚಂದ್ರನ ಮೇಲ್ಮೈ. ಅಂಗಳದಲ್ಲಿ ಬಿಸಿಲು ಸುರಿಯುತ್ತಿರುವಾಗ ಒಳಗೆ ಕತ್ತಲೆ ಮಾಡಿಕೊಂಡು ನೆರಳಿನ ವಿಡಿಯೊ ತೋರಿಸುವುದು ಸರಿಯಲ್ಲ. ಶಾಲಾ ಪಾಠಗಳ ಸರ್ಕಾರಿ ಜಾಲತಾಣವಾದ ದೀಕ್ಷಾ ವೇದಿಕೆಯ ಸಾಮಗ್ರಿಗಳನ್ನೂ, ಕನ್ನಡದಲ್ಲಿ ಸಿಗುವ, ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳನ್ನೂ ಮೊದಲು ನೀವೇ ಆಡಿಸಿ ನೋಡಿ, ಎಲ್ಲಿ ನಿಲ್ಲಿಸಿ ಏನು ಕೇಳಬೇಕೆಂದು ಬರೆದುಕೊಂಡು ಆಮೇಲೆ ತರಗತಿಗೆ ಒಯ್ಯಿರಿ. ತಂತ್ರಜ್ಞಾನ ಎಂಬ ಮಾತನ್ನು ಪರದೆಗೆ ಕಟ್ಟಿಹಾಕಲೂಬೇಡಿ. ಬೀದರಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದೊಳಗಿನ ಸುರಂಗಕ್ಕೆ ಸಣ್ಣ ಇಳಿಜಾರು ಕೊಟ್ಟು ಪಂಪಿಲ್ಲದೆ ನೀರು ಹರಿಸಿದ ವಿದ್ಯೆ ಅದು. ಬಿದರಿ ಕುಶಲಕರ್ಮಿಗಳು ಸತು ಹೆಚ್ಚಿರುವ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಒಂದು ಲೋಹ ಬದಲಾಗಿ ಇನ್ನೊಂದು ಯಾಕೆ ಬದಲಾಗಲಿಲ್ಲ ಎಂಬ ಪ್ರಶ್ನೆಯನ್ನು ಐದನೇ ತರಗತಿಯ ಮಗು ಖಂಡಿತ ಕೇಳುತ್ತದೆ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೂ ಒಮ್ಮೆ ಹೋಗಿ ಬನ್ನಿ, ಮಕ್ಕಳನ್ನು ಕರೆದೊಯ್ಯುವ ಮೊದಲು ನೀವೇ ಹೋಗಿ.

ಕೊನೆಯದಾಗಿ ನಿಮ್ಮ ಎದೆ ಡವಡವ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದನೇ ಮತ್ತು ಎರಡನೇ ತರಗತಿಗಳ 17 ಶಿಕ್ಷಕಿಯರನ್ನು ಗಮನಿಸಿತು. ಗಣಿತದ ಭಯ ಹೆಚ್ಚಿದ್ದ ಶಿಕ್ಷಕಿಯರ ತರಗತಿಗಳಲ್ಲಿ ವರ್ಷದ ಕೊನೆಗೆ ‘ಗಣಿತ ಗಂಡುಮಕ್ಕಳಿಗೆ’ ಎಂಬ ಭಾವನೆ ಹುಡುಗಿಯರಲ್ಲಿ ಹೆಚ್ಚು ಕಂಡಿತು, ಹಾಗೆ ನಂಬಿದ ಹುಡುಗಿಯರ ಗಣಿತದ ಸಾಧನೆಯೂ ಕುಗ್ಗಿತ್ತು. ಹುಡುಗರ ಮೇಲೆ ಆ ಪರಿಣಾಮ ಕಾಣಲಿಲ್ಲ. ಇದನ್ನು ನಿಮ್ಮನ್ನು ದೂಷಿಸಲು ಹೇಳುತ್ತಿಲ್ಲ. ನಿಮ್ಮ ಭಯ ಯಾರೋ ನಿಮಗೆ ದಾಟಿಸಿದ್ದು, ನಿಮ್ಮಿಂದ ಅದು ಮುಂದಿನ ಹುಡುಗಿಗೆ ದಾಟಬಾರದು ಎಂಬುದಕ್ಕಾಗಿ ಹೇಳುತ್ತಿದ್ದೇನೆ. ‘ನನಗೂ ಗಣಿತ ಅಂದ್ರ ಆಗಿಬರಂಗಿಲ್ಲ’ ಎಂದು ಮಕ್ಕಳೆದುರು ಹೇಳಬೇಡಿ. ಉತ್ತರ ಗೊತ್ತಾಗದಿದ್ದರೆ ‘ನನಗೂ ಗೊತ್ತಾಗವಲ್ದು, ಕೂಡಿ ನೋಡೋಣು’ ಎನ್ನಿ. ಈ ಎರಡು ಮಾತುಗಳ ನಡುವೆ ಬಹಳ ಅಂತರವಿದೆ. ಗೆಳತಿಯರು ಮೂರು ನಾಲ್ಕು ಜನ ಸೇರಿ ಒಂದು ಪಾಠವನ್ನು ಒಟ್ಟಿಗೆ ಕಟ್ಟಿ, ಒಬ್ಬರು ಪಾಠ ಮಾಡುವಾಗ ಉಳಿದವರು ಪಾಠ ಮಾಡುವವರನ್ನಲ್ಲ, ಮಕ್ಕಳನ್ನು ನೋಡುತ್ತಾ ಕೂರಿರಿ. ಸಂಜೆ ಮಕ್ಕಳು ಹೇಳಿದ್ದನ್ನು ಮುಂದಿಟ್ಟುಕೊಂಡು ಆ ಪಾಠವನ್ನು ತಿದ್ದಿರಿ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಮಿಕ್ಕಿ ಹೀಗೆಯೇ ಕಲಿಯುತ್ತಾ ಬಂದಿದ್ದಾರೆ, ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ನಿಮ್ಮ ಕಾಲೇಜಿನ ಬೋಧಕರಿಗೂ ಈ ಪತ್ರ ತೋರಿಸಿ, ನನ್ನ ಒಂದು ಕೋರಿಕೆ ತಲುಪಿಸಿ. ಹಗಲು ರಾತ್ರಿ ಸಮವಾಗುವ ದಿನ, ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಸುಮಾರಿಗೆ, ಮೂರೂ ಜಿಲ್ಲೆಗಳ ಪ್ರಶಿಕ್ಷಣಾರ್ಥಿಗಳು ಮೀಟರ್ ಕೋಲಿನ ಅತಿ ಚಿಕ್ಕ ನೆರಳನ್ನು ಅಳೆದು ಫೋನಿನಲ್ಲಿ ಹಂಚಿಕೊಳ್ಳಲಿ. ಯಾದಗಿರಿಯಲ್ಲಿ ಸುಮಾರು 30, ಕಲಬುರಗಿಯಲ್ಲಿ 31, ಬೀದರಿನಲ್ಲಿ 32 ಸೆಂಟಿಮೀಟರ್ ಬರಬೇಕು. ನೆರಳಿನ ಅಂಚು ಮಸುಕಾಗಿರುವುದರಿಂದ ಒಂದು ಸೆಂಟಿಮೀಟರಿನ ವ್ಯತ್ಯಾಸ ಕೈಗೆ ಸಿಗದೆ ಹೋಗಬಹುದು. ಕೋಲಿನ ತುದಿಗೆ ಸಣ್ಣ ತೂತು ಮಾಡಿದ ರಟ್ಟು ಕಟ್ಟಿ, ತೂತಿನ ಎತ್ತರ ಸರಿಯಾಗಿ ಒಂದು ಮೀಟರ್ ಇರುವಂತೆ ನೋಡಿಕೊಂಡು, ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಯ ನಡುವನ್ನು ಗುರುತು ಮಾಡಿ. ಅಳತೆ ಬಂದ ಮೇಲೆ, ಈ ಎರಡು ಸೆಂಟಿಮೀಟರಿನಿಂದ ಭೂಮಿ ಎಷ್ಟು ದೊಡ್ಡದೆಂದು ತಿಳಿಯುವುದು ಹೇಗೆ ಎಂದು ನೀವೇ ಒಂದು ವಾರ ತಲೆ ಕೆಡಿಸಿಕೊಳ್ಳಿ, ಆಮೇಲೆ ನನಗೆ ಬರೆಯಿರಿ.